ಸೆಲ್ವಿ ಅಕ್ಕ ಹೇಳಿದ ಒಂದು ಮಾತು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇಲ್ಲಿ ನಡೆದ ಪೆದ್ದುತನವೆಲ್ಲ ನನ್ನದೇ. ಉಳಿದವರು ಅದನ್ನು ಅನುಭವಿಸಿದವರು ಅಷ್ಟೆ. ಬೇರೆಯವರ ದನಿ ಅನುಕರಿಸುವ ಚಟ ಇರುವವರಿಗೆ ಒಂದು ಊನ ಇರುತ್ತದೆ. ಎದುರಿಗಿದ್ದವರು ಬಾಯಿ ತೆರೆದ ಕೂಡಲೇ ನಮ್ಮ ಕಿವಿ ಅವರ ರಾಗ, ಎಳೆತ, ಮಾತಿನ ಮಧ್ಯೆ ಉಗುಳು ನುಂಗುವ ಸದ್ದು, ಇವನ್ನು ಹಿಡಿಯುವುದರಲ್ಲಿ ಎಷ್ಟು ಮುಳುಗಿರುತ್ತದೆಂದರೆ, ಅವರು ಹೇಳಿದ್ದೇನು ಎಂಬುದಕ್ಕೆ ಒಳಗೆ ಜಾಗವೇ ಉಳಿದಿರುವುದಿಲ್ಲ. ನನಗೆ ಹಲಸೂರು ಬಸ್ಸಿನ ಕಂಡಕ್ಟರ್ ಬರುತ್ತಾನೆ. ಬಾಗಿಲು ಎಡಕ್ಕೆ ತೆರೆಯುತ್ತದೆ ಎಂದು ಮೆಟ್ರೋದಲ್ಲಿ ಹೇಳುವ ಹೆಂಗಸು ಬರುತ್ತಾಳೆ. ಶಿವಾಜಿನಗರದಲ್ಲಿ ಒಂದೇ ಉಸಿರಿಗೆ ಮೂರು ಭಾಷೆಯಲ್ಲಿ ಚಪ್ಪಲಿ ಮಾರುವ ಚಾಚಾ ಬರುತ್ತಾರೆ. ನಮ್ಮಪ್ಪನ ಕೋಪವಂತೂ ಅಪ್ಪನಿಗಿಂತ ನನಗೇ ಚೆನ್ನಾಗಿ ಬರುತ್ತದೆ. ಕಾಲೇಜಿನಲ್ಲಿ ಇದಕ್ಕೆಲ್ಲ ಚಪ್ಪಾಳೆ ಸಿಕ್ಕಿದೆ. ಅಂಕ ಸಿಕ್ಕಿಲ್ಲ.

ಅಂಥ ನನ್ನನ್ನು ಹೋದ ಬೇಸಿಗೆ ರಜೆಯಲ್ಲಿ ಸಿ.ವಿ. ರಾಮನ್ ನಗರದ ಕಡೆಯ ಒಂದು ಸಂಶೋಧನಾ ಸಂಸ್ಥೆಯವರು ಇಂಟರ್ನ್ ಎಂದು ಸೇರಿಸಿಕೊಂಡರು. ವಿಷಯ ಕಂಪ್ಯೂಟೇಷನಲ್ ಬಯಾಲಜಿ. ಬಯಾಲಜಿ ಎಂದೊಡನೆ ನಮ್ಮ ಬೀದಿಯವರಿಗೆ ಕಪ್ಪೆ ನೆನಪಾಯಿತು. ಪಕ್ಕದ ಮನೆಯ ಪುಟ್ಟಮ್ಮತ್ತೆ ದಿನಾ ಸಂಜೆ ಗೇಟಿನ ಹತ್ತಿರ ನಿಂತು, ಇವತ್ತು ಏನು ಕುಯ್ದೆ ಎಂದು ಕೇಳುತ್ತಿದ್ದರು. ಏನೂ ಕುಯ್ಯಲಿಲ್ಲ ಅತ್ತೆ, ಬೆಳಿಗ್ಗೆಯಿಂದ ಕುರ್ಚಿಯಲ್ಲಿ ಕೂತಿದ್ದೆ ಎಂದರೆ ಅವರಿಗೆ ನನ್ನ ಭವಿಷ್ಯದ ಬಗ್ಗೆ ಚಿಂತೆಯಾಗುತ್ತಿತ್ತು. ನಿಜಕ್ಕೂ ನಾನು ಆ ಬೇಸಿಗೆಯಲ್ಲಿ ಒಂದು ಹನಿ ರಕ್ತವನ್ನೂ ನೋಡಲಿಲ್ಲ. ರಕ್ತವೆಲ್ಲ ಆಸ್ಪತ್ರೆಯಲ್ಲೇ ಅಂಕಿಗಳಾಗಿ ನಮಗೆ ಬರುತ್ತಿತ್ತು. ಒಂದು ಹಟಮಾರಿ ಕಾಯಿಲೆ, ಅದಕ್ಕೆ ಒಂದು ಔಷಧ. ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಹಿಡಿಯುವುದಿಲ್ಲ. ರೋಗಿಯ ರಕ್ತದಲ್ಲಿ ಯಾವ ಜೀನು ಎಷ್ಟು ಚುರುಕಾಗಿದೆ ಎಂದು ನೋಡಿ, ಔಷಧ ಹಿಡಿಯುತ್ತದೋ ಇಲ್ಲವೋ ಎಂಬುದನ್ನು ಮೊದಲೇ ಹೇಳುವ ಪ್ರೋಗ್ರಾಂ ಮಾಡಬೇಕು. ಅದು ಕೆಲಸ.

ಕೆಲಸ ಕಲಿಸಲು ನನ್ನನ್ನು ಸೆಲ್ವಿ ಅಕ್ಕನಿಗೆ ಒಪ್ಪಿಸಿದರು. ಮರ್ಫಿ ಟೌನಿನವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಕಂಪ್ಯೂಟರಿನ ಮುಂದೆ ಇಂಗ್ಲಿಷು, ಸಿಟ್ಟು ಬಂದರೆ ಮೂರೂ. ಪಿಎಚ್‌ಡಿಗೆ ಸೇರಿ ವರ್ಷಗಳಾಗಿದ್ದವು. ಅವರ ಜೊತೆ ಸೇರಿದವರೆಲ್ಲ ಒಂದಲ್ಲ ಒಂದು ಸಮ್ಮೇಳನದಲ್ಲಿ ವೇದಿಕೆ ಹತ್ತಿ ಮಾತಾಡಿ ಇಳಿದಿದ್ದರು. ಇವರಿಗೆ ಮಾತ್ರ ಹೇಳಿಕೊಳ್ಳುವಂಥ ಫಲಿತಾಂಶ ಬಂದಿರಲಿಲ್ಲ. ಇದನ್ನು ನನಗೆ ಅವರು ಹೇಳಿದ್ದಲ್ಲ. ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಮೊದಲ ವಾರವೇ ಅವರು ನನ್ನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದರು. ಒಬ್ಬೊಬ್ಬ ರೋಗಿಯಿಂದಲೂ ಬೇರೆ ಬೇರೆ ದಿನ ರಕ್ತ ತೆಗೆದಿರುತ್ತಾರೆ. ಅಂಕಿಗಳಲ್ಲಿ ಒಂದಷ್ಟನ್ನು ಪ್ರೋಗ್ರಾಮಿಗೆ ಪಾಠಕ್ಕೆ ಕೊಡಬೇಕು, ಉಳಿದದ್ದನ್ನು ಮುಚ್ಚಿಟ್ಟು ಕೊನೆಗೆ ಪರೀಕ್ಷೆಗೆ ಕೊಡಬೇಕು. ಇಷ್ಟು ಹೇಳಿ ಕನ್ನಡಕ ಮೇಲೆ ಸರಿಸಿದರು. "ಒಬ್ಬ ಪೇಷಂಟ್‌ದು ಎಷ್ಟೇ ಸ್ಯಾಂಪಲ್ ಇರ್ಲಿ, ಎಲ್ಲಾ ಒಂದೇ ಕಡೆ ಇರ್ಬೇಕು. ಮರೀಬೇಡ ಕಣೋ, ಆಮೇಲೆ ಅಳ್ತೀಯ."

ಆಹಾ, ಎಂಥ ದನಿ! 'ಎಲ್ಲಾ' ಎಂಬಲ್ಲಿ ಒಂದು ಮೆಟ್ಟಿಲು ಮೇಲೆ, 'ಕಣೋ' ಎಂಬಲ್ಲಿ ಎರಡು ಮೆಟ್ಟಿಲು ಕೆಳಗೆ, 'ಅಳ್ತೀಯ' ಎನ್ನುವ ಮುಂಚೆ ನನ್ನ ಸಮಾಧಿಗೆ ಹೂವಿಡುವಂಥ ಸಣ್ಣ ನಿಲುಗಡೆ. ಅಂದು ಮಧ್ಯಾಹ್ನವೇ ಕ್ಯಾಂಟೀನಿನಲ್ಲಿ ಇದರ ಮೊದಲ ಪ್ರದರ್ಶನವಾಯಿತು. ಜೊತೆಯ ಇಂಟರ್ನ್‌ಗಳು ಅನ್ನ ನೆತ್ತಿಗೇರಿಸಿಕೊಂಡು ನಕ್ಕರು. ಮಾರನೆಯ ದಿನ ಬೇರೆ ಲ್ಯಾಬಿನವರೂ ಬಂದು, ಮಗಾ ಇನ್ನೊಂದ್ಸಲ ಎಂದರು. ಒಮ್ಮೆ ಸೆಲ್ವಿ ಅಕ್ಕನೇ ಹಿಂದೆ ನಿಂತು ಪೂರ್ತಿ ಕೇಳಿ, ಕನ್ನಡಕ ಸರಿಸೋದು ಬಲಗೈಯಲ್ಲಿ ಕಣೋ ಎಂದು ತಿದ್ದಿ ಹೋದರು. ತಿದ್ದಿಕೊಂಡೆ. ಆ ಮಾತನ್ನು ಎಷ್ಟು ಸಲ ಆಡಿದೆನೋ ಲೆಕ್ಕವಿಲ್ಲ. ಮಾಡಿದ್ದು ಒಂದು ಸಲವೂ ಇಲ್ಲ.

ಪ್ರೋಗ್ರಾಂ ಸಿದ್ಧವಾದಾಗ ಅದು ಪರೀಕ್ಷೆಯಲ್ಲಿ ನೂರಕ್ಕೆ ನೂರರ ಹತ್ತಿರ ತೆಗೆಯಿತು. ನನ್ನ ಕೈಯಿಂದ ಬಂದ ಯಾವುದೂ ಅಷ್ಟು ಅಂಕ ತೆಗೆದದ್ದಿಲ್ಲ. ಹೆತ್ತವರ ಹೆಮ್ಮೆ ಏನೆಂದು ಆಗ ಗೊತ್ತಾಯಿತು. ಸೆಲ್ವಿ ಅಕ್ಕ ಪರದೆಯನ್ನೇ ನೋಡುತ್ತಾ ತುಂಬ ಹೊತ್ತು ನಿಂತರು. ಎಲ್ಲಾ ಸರಿಯಾಗಿ ನೋಡ್ದ್ಯಾ ಎಂದು ಕೇಳಿದರು. ನೋಡಿದೆ ಅಕ್ಕಾ ಎಂದೆ. ಅವರು ಸಾರ್ ಹತ್ತಿರ ಹೋದರು. ಲ್ಯಾಬಿನ ಮುಖ್ಯಸ್ಥರಾದ ನಮ್ಮ ಸಾರ್ ಪ್ರಪಂಚದ ಎಲ್ಲದಕ್ಕೂ 'ಇಂಟರೆಸ್ಟಿಂಗ್' ಎನ್ನುವ ಮನುಷ್ಯ. ಅದರಲ್ಲಿ ಆರೇಳು ಬಗೆಯಿದೆ, ಎಲ್ಲವೂ ನನಗೆ ಬರುತ್ತದೆ. ಆದರೆ ಅಂದು ಅವರು ಅದನ್ನು ಬಿಟ್ಟು, ವೆರಿ ಗುಡ್ ಸೆಲ್ವಿ, ಈ ಸಲ ಸಮ್ಮೇಳನದಲ್ಲಿ ಡಾಕ್ಟರುಗಳ ಮುಂದೆ ನೀವೇ ಮಾತಾಡಿ ಎಂದರಂತೆ. ಆ ಸಂಜೆ ಸೆಲ್ವಿ ಅಕ್ಕ ಇಡೀ ಲ್ಯಾಬಿಗೆ ಮೈಸೂರು ಪಾಕ್ ತಂದರು. ನನಗೆ ಎರಡು.

ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ನಿನ್ನ ಸೆಲ್ವಿ ಅಕ್ಕ ಹೇಗಿದ್ದಾಳೆ ಎಂದಳು. ಪ್ರೇಕ್ಷಕರು ಒಬ್ಬರೇ ಆದರೂ ಕಲಾವಿದ ಕಮ್ಮಿ ಮಾಡಬಾರದು ನೋಡಿ. ಕನ್ನಡಕವಿಲ್ಲದಿದ್ದರೂ ಬಲಗೈಯಲ್ಲಿ ಸರಿಸಿ, ಪೂರ್ತಿ ಮಾಡಿ ತೋರಿಸಿದೆ. ಅಮ್ಮ ನಗಲಿಲ್ಲ. ಹಾಗೆ ಯಾಕೆ ಹೇಳ್ತಾಳೆ ಎಂದು ಕೇಳಿದಳು. ನಾನು ಸಾರ್ ದನಿಗೆ ಇಳಿದು ವಿವರಿಸಿದೆ: ಪಾಠದಲ್ಲಿ ನೋಡಿದ ಮನುಷ್ಯನ ರಕ್ತವನ್ನೇ ಪರೀಕ್ಷೆಯಲ್ಲೂ ಕೊಟ್ಟರೆ, ಪ್ರೋಗ್ರಾಂ ಕಾಯಿಲೆ ನೋಡುವುದಿಲ್ಲ, ಆಳನ್ನು ಗುರುತು ಹಿಡಿಯುತ್ತದೆ. ಓ ಇವನಾ, ಇವನಿಗೆ ಔಷಧ ಹಿಡಿದಿತ್ತಲ್ಲ ಎಂದು ಉತ್ತರ ಬರೆದುಬಿಡುತ್ತದೆ. ಹೊಸಬ ಬಂದರೆ ಬೆಪ್ಪಾಗಿ ನಿಲ್ಲುತ್ತದೆ. ಚೆನ್ನಾಗಿಯೇ ವಿವರಿಸಿದೆ ಅನ್ನಿಸಿತು.

ಅಮ್ಮ ಸೊಪ್ಪಿನಿಂದ ತಲೆಯೆತ್ತದೆ ಕೇಳಿದಳು. "ಸರಿ, ನೀನು ಒಂದೇ ಕಡೆ ಇಟ್ಟಿದ್ಯಾ?"

ಇಟ್ಟಿದ್ದೇನೆ ಎನ್ನಲು ಬಾಯಿ ತೆರೆದೆ. ಯಾರ ದನಿಯೂ ಬರಲಿಲ್ಲ. ಲ್ಯಾಪ್‌ಟಾಪ್ ತೆರೆದು ನೋಡಿದರೆ, ಎಲ್ಲ ಸ್ಯಾಂಪಲ್‌ಗಳನ್ನೂ ಇಸ್ಪೀಟು ಎಲೆಗಳ ಹಾಗೆ ಕಲೆಸಿ ಎರಡು ಪಾಲು ಮಾಡಿದ್ದೆ. ಒಬ್ಬನೇ ರೋಗಿ ಪಾಠದಲ್ಲೂ ಇದ್ದ, ಪರೀಕ್ಷೆಯಲ್ಲೂ ಇದ್ದ. ಒಬ್ಬೊಬ್ಬ ರೋಗಿಯ ಸ್ಯಾಂಪಲ್‌ಗಳನ್ನೆಲ್ಲ ಒಂದೇ ಕಡೆಗೆ ಹಾಕಿ ಮತ್ತೆ ಓಡಿಸಿದೆ. ನನ್ನ ಹೆಮ್ಮೆಯ ಕೂಸು ನಾಣ್ಯ ಚಿಮ್ಮಿ ಹೇಳುವವರಿಗಿಂತ ಸ್ವಲ್ಪ ಮೇಲೆ ಬಂತು. ಸ್ವಲ್ಪವೇ. ಅಲ್ಲಿಯವರೆಗೆ ಅದು ಮಾಡಿದ್ದು ನನ್ನ ಕಸುಬನ್ನೇ: ಕೆಮ್ಮು ಕೇಳಿದರೆ ಇಂಥವರು ಎಂದು ಹೇಳುತ್ತೇನೆ, ಕೆಮ್ಮು ಯಾಕೆ ಬಂತು ಎಂದು ಕೇಳಿದರೆ ಗೊತ್ತಿಲ್ಲ.

ಸುಮ್ಮನಿರಬಹುದಿತ್ತು. ಆ ಆಲೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಸಿಗೆ ಮುಗಿಯುವುದರಲ್ಲಿತ್ತು, ನಾನು ಕಾಲೇಜಿಗೆ ವಾಪಸು ಹೋಗುತ್ತಿದ್ದೆ, ಸೆಲ್ವಿ ಅಕ್ಕ ವೇದಿಕೆ ಹತ್ತುತ್ತಿದ್ದರು. ಆದರೆ ಕೆಳಗೆ ಕೂತು ಕೇಳುವವರು ಡಾಕ್ಟರುಗಳು. ಅವರಲ್ಲಿ ಒಬ್ಬರು ನಂಬಿ, ನಾಳೆ ಬರುವ ಹೊಸ ರೋಗಿಗೆ ಈ ಔಷಧ ಹಿಡಿಯೋದಿಲ್ಲ ಎಂದು ಕೊಡದೇ ಬಿಟ್ಟರೆ? ಸೋಮವಾರ ಬೆಳಿಗ್ಗೆ ಹಲಸೂರಿನಿಂದ ಬಸ್ಸು ಹತ್ತಿದೆ. ಕಂಡಕ್ಟರ್ ಏನೋ ಹೊಸ ರಾಗದಲ್ಲಿ ಕೂಗುತ್ತಿದ್ದ. ಕೇಳಿಸಿಕೊಳ್ಳುವ ಮನಸ್ಸಾಗಲಿಲ್ಲ.

ಸೆಲ್ವಿ ಅಕ್ಕನಿಗೆ ನಡೆದದ್ದೆಲ್ಲ ಹೇಳಿದೆ, ಅಮ್ಮ ಕೇಳಿದ ಪ್ರಶ್ನೆಯೂ ಸೇರಿದಂತೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಮೂರು ಭಾಷೆಯಲ್ಲಿ ಬೈಸಿಕೊಂಡು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ನನ್ನ ಕುರ್ಚಿಯಲ್ಲಿ ಕೂತು ತಾವೇ ಪ್ರೋಗ್ರಾಮನ್ನು ಮೊದಲಿಂದ ಓಡಿಸಿದರು. ಅದೇ ಸಣ್ಣ ಅಂಕ ಬಂತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಊರಿಗೆಲ್ಲ ಹೇಳಿಬಿಟ್ಟಿದ್ದೀನಲ್ಲೋ ಎಂದು ಮೆಲ್ಲಗೆ ಅಂದರು. ಆಮೇಲೆ ಎದ್ದು ಸಾರ್ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು. ತಪ್ಪು ನನ್ನದು ಸಾರ್, ನಾನು ಚೆಕ್ ಮಾಡ್ಬೇಕಿತ್ತು ಎಂದು ಅವರು ಹೇಳುವುದು ಕೇಳಿಸಿತು. ನನ್ನ ಹೆಸರು ಎತ್ತಲಿಲ್ಲ. ಸಾರ್ 'ಇಂಟರೆಸ್ಟಿಂಗ್' ಎಂದರು. ಆ ಬಗೆ ನಾನು ಮುಂಚೆ ಕೇಳಿರಲಿಲ್ಲ. ಅದನ್ನು ಇವತ್ತಿನವರೆಗೂ ಮಾಡಲು ಹೋಗಿಲ್ಲ.

ವೇದಿಕೆಯ ಮಾತು ಬೇರೆಯವರಿಗೆ ಹೋಯಿತು. ಸೆಲ್ವಿ ಅಕ್ಕನಿಗೆ ಹೊರಗಿನ ಮೊಗಸಾಲೆಯಲ್ಲಿ, ಕಾಫಿ ಮೇಜಿನ ಪಕ್ಕ, ಒಂದು ಪೋಸ್ಟರ್ ಅಂಟಿಸುವಷ್ಟು ಜಾಗ ಸಿಕ್ಕಿತು. ಅವರು ಆ ಸಣ್ಣ ಅಂಕವನ್ನೇ ದೊಡ್ಡ ಅಕ್ಷರದಲ್ಲಿ ಹಾಕಿ, ಮೊದಲು ಎಲ್ಲಿ ತಪ್ಪಿದೆವು ಎಂಬುದನ್ನೂ ಬರೆದು, ಪೋಸ್ಟರ್ ಸಿದ್ಧಮಾಡಿದರು. ತಲೆಬರಹದ ಕೆಳಗೆ ಅವರ ಹೆಸರು, ಅದರ ಪಕ್ಕದಲ್ಲಿ ನನ್ನದು. ಅದನ್ನು ನೋಡಿಕೊಂಡು ಮನೆಗೆ ಹೋದೆ. ರಾತ್ರಿಯೆಲ್ಲ ಮಾತು ಜೋಡಿಸಿಕೊಂಡು ಬಂದು, ಬಹಳ ದೊಡ್ಡ ತ್ಯಾಗ ಮಾಡುವವನ ಗಾಂಭೀರ್ಯದಲ್ಲಿ, ಅಕ್ಕಾ, ಇದರಲ್ಲಿ ನನ್ನ ಹೆಸರು ಇರೋದು ನ್ಯಾಯ ಅಲ್ಲ, ದಯವಿಟ್ಟು ತೆಗೆದುಬಿಡಿ ಎಂದೆ. ಅವರು ಕಣ್ಣು ತುಂಬಿಕೊಂಡು ಬೇಡ ಕಣೋ ಎನ್ನಬಹುದು ಎಂದು ಒಳಗೊಳಗೇ ಕಾಯುತ್ತಿದ್ದೆ.

ಸೆಲ್ವಿ ಅಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಸರಿ, ತೆಗೀತೀನಿ. ನಿಮ್ಮಮ್ಮನ ಹೆಸ್ರು ಹೇಳು, ಅಲ್ಲಿ ಹಾಕ್ತೀನಿ. ಕೆಲ್ಸ ಮಾಡಿರೋದು ಅವ್ರೇ ತಾನೇ?"