ಸಾಹುಕಾರರ ಗಿಟಾರಿಗೆ ಇಟ್ಟ ಕುಂಕುಮ

ವಿಘ್ನ ಕಳೆಯುವ ಗಣಪನಿಗೆ ಮೊದಲ ನಮಸ್ಕಾರ. ತಂತಿ ಇರುವುದೆಲ್ಲಕ್ಕೂ ಒಡತಿಯಾದ ಶಾರದೆಗೆ ಎರಡನೆಯದು. ನಮ್ಮ ಬಾವಿಯಲ್ಲೂ ಕಾಫಿ ಲೋಟದಲ್ಲೂ ಇರುವ ಕಾವೇರಮ್ಮನಿಗೆ ಮೂರನೆಯದು. ಈ ಮೂವರ ಅಪ್ಪಣೆ ಪಡೆದು ಹೇಳುತ್ತೇನೆ, ಕೇಳಿ.

ಕೊಡಗಿನ ಅಮ್ಮತ್ತಿಯಲ್ಲಿ ನನ್ನದೊಂದು ವಾದ್ಯ ರಿಪೇರಿ ಅಂಗಡಿ. ಭಜನೆ ಮಂಡಳಿಯ ಹಾರ್ಮೋನಿಯಂ ಬಿಚ್ಚಿ ಕಲಿತವನು, ಆಮೇಲೆ ಗಿಟಾರಿಗೆ ಬಂದೆ. ಹಣೆಯ ವಿಭೂತಿ ನೋಡಿ ಎಲ್ಲರೂ ನನ್ನನ್ನು ‘ಸ್ವಾಮಿ’ ಅಂತಲೇ ಕರೆಯುವುದು. ದಿನಾ ದೇವರಿಗೆ ದೀಪ ಹಚ್ಚಿಯೇ ಅಂಗಡಿ ಬಾಗಿಲು ತೆರೆಯುತ್ತೇನೆ. ಆದರೂ ಎದೆ ಡವಗುಟ್ಟಿಸುವಂಥದ್ದು ಏನಾದರೊಂದು ಒಳಗೆ ಬಂದೇ ಬರುತ್ತದೆ. ದೇವರೂ ಬರುತ್ತಾನೆ ಅನ್ನಿ, ಸ್ವಲ್ಪ ತಡವಾಗಿ.

೧. ಹದಿನೆಂಟನೆಯ ಪುಟ

ಭಾನುವಾರ ಮಧ್ಯಾಹ್ನ ನನ್ನ ಅಂಗಡಿ ಬೆಂಚಿನ ಮೇಲೆ ಮೂವರು ಗಿಟಾರ್ ಹುಚ್ಚರು ಸೇರುತ್ತಾರೆ. ಪೊನ್ನಂಪೇಟೆ ಕಡೆಯ ಕಾಫಿ ಎಸ್ಟೇಟಿನ ಸಾಹುಕಾರರು, ಚರ್ಚಿನಲ್ಲಿ ಹಾಡು ಕಲಿಸುವ ಮೇಷ್ಟ್ರು, ಆಸ್ಪತ್ರೆಯ ಮಲಯಾಳಿ ಸಿಸ್ಟರ್. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ.

ದಸರಾ ಮುಗಿದ ಮೇಲಿನ ಭಾನುವಾರ ಸಾಹುಕಾರರು ಒಂದು ಮ್ಯಾಗಜೀನ್ ತಂದರು. ಹಳೆಯ, ಅಪರೂಪದ ವಾದ್ಯಗಳನ್ನು ಕೂಡಿಡುವ ಶ್ರೀಮಂತರಿಗೆಂದೇ ಹೊರಡುವ ಪುಸ್ತಕ. ಕಾಗದ ಎಷ್ಟು ದಪ್ಪ ಎಂದರೆ ಪುಟ ತಿರುವಿದರೆ ಬೀಸಣಿಗೆಯ ಗಾಳಿ.

ಮೊದಲ ಪುಟದಲ್ಲಿ ವಾಚು. ಆಮೇಲೆ ವಿಸ್ಕಿ. ಆಮೇಲೆ ಮೊಸಳೆ ಚರ್ಮದ ಬೂಟು.

“ಗಿಟಾರ್ ಎಲ್ಲಿ ಸಾಹುಕಾರ್ರೇ?” ಅಂದರು ಮೇಷ್ಟ್ರು.

“ಬರ್ತದೆ, ತಡೀರಿ.”

ಹದಿನೆಂಟನೆಯ ಪುಟದಲ್ಲಿ ಬಂತು. ಸೋಫಾದ ಮೇಲೆ ಗಿಟಾರನ್ನು ಒರಗಿಸಿಟ್ಟಿದ್ದರು, ಪಕ್ಕದಲ್ಲಿ ಬಿಳಿ ಸೂಟಿನ ಯಜಮಾನ. ಸಿಸ್ಟರ್ ಕನ್ನಡಕ ಏರಿಸಿ ಅವನ ಕೈ ನೋಡಿದರು.

“ಅಲ್ಲಾ, ತಂತಿ ಒತ್ತಿ ಒತ್ತಿ ಬೆರಳ ತುದಿ ಗಟ್ಟಿಯಾಗಬೇಕಲ್ವಾ? ಇದು ನಮ್ಮ ವಾರ್ಡಿನಲ್ಲಿ ನಿನ್ನೆ ಹುಟ್ಟಿದ ಮಗುವಿನ ಬೆರಳ ಹಾಗಿದೆ!”

“ಇದು ನುಡಿಸೋಕಲ್ಲ ಸಿಸ್ಟರ್. ಕೂಡಿಡೋಕೆ,” ಸಾಹುಕಾರರಿಗೆ ಸ್ವಲ್ಪ ಬೇಸರವೇ ಆಯಿತು.

“ಸರಿ ಬಿಡಿ,” ಅಂದರು ಮೇಷ್ಟ್ರು. “ಹಸು ಕಟ್ಟಿಕೊಂಡು, ಹಾಲಿನ ಪ್ಯಾಕೆಟ್ ತರೋಕೆ ಅಂಗಡಿಗೆ ಹೋದ ಹಾಗೆ.”

೨. ಮೂರು ಚುಕ್ಕೆ

ಅವರೆಲ್ಲ ನಕ್ಕರು, ನಾನೂ ನಕ್ಕೆ. ಅದೇ ನನ್ನ ಕೊನೆಯ ನಗು. ಯಾಕೆಂದರೆ ಸಾಹುಕಾರರು ಮುಂದಿನ ಪುಟ ತೆಗೆದು ಗಟ್ಟಿಯಾಗಿ ಓದಿ ಅರ್ಥ ಹೇಳಿದರು: ಹಳೆಯ ಗಿಟಾರಿನ ಜೀವ ಇರುವುದು ಅದರ ಮೂಲ ಪಾಲಿಶಿನಲ್ಲಿ. ಅದಕ್ಕೆ ಹೊಸದಾಗಿ ಏನೂ ಸೋಕಬಾರದು. ಸೋಕಿತೋ, ಅದು ಬರೀ ಮರದ ಡಬ್ಬ.

“ನಮ್ಮಪ್ಪನ ಗಿಟಾರಿನ ಫೋಟೋ ಇವರಿಗೆ ಕಳಿಸಿದ್ದೆ,” ಅಂದರು. “ಮೂರು ವಾರ ಬಿಟ್ಟು ಅವರ ಮನುಷ್ಯ ನೋಡೋಕೆ ಬರ್ತಾನೆ. ಮಾರೋಕಲ್ಲ ಮಾರಾಯ್ರೆ. ಅಪ್ಪನ ಹೆಸರು ಒಂದ್ಸಲ ಇಂಥಾ ಪುಸ್ತಕದಲ್ಲಿ ಬರ್ಬೇಕು. ಅಷ್ಟೇ ನಂಗೆ.”

ಆ ಗಿಟಾರು ಅವರಪ್ಪನಿಗೆ, ಊರು ಬಿಟ್ಟು ಹೋಗುವಾಗ ಎಸ್ಟೇಟಿನ ಬಿಳಿಯ ಮ್ಯಾನೇಜರ್ ಒಬ್ಬ ಕೊಟ್ಟದ್ದು. ಹೊಸ ತಂತಿ ಹಾಕಲೆಂದು ದಸರಾಕ್ಕೆ ಮುಂಚೆ ನನ್ನ ಅಂಗಡಿಗೆ ಬಂದಿತ್ತು. ನನ್ನ ಅಂಗಡಿಯಲ್ಲಿ ಆಯುಧಪೂಜೆ ತಪ್ಪುವುದಿಲ್ಲ. ಅರ, ಉಳಿ, ಅಂಟಿನ ಡಬ್ಬ, ರಿಪೇರಿಗೆ ಬಂದ ವಾದ್ಯ, ಎಲ್ಲಕ್ಕೂ ಗಂಧ, ಕುಂಕುಮ. ಬೇರೆ ಗಿಟಾರುಗಳಿಗೆ ದಪ್ಪ ಪಾಲಿಶು. ಮಾರನೆಯ ದಿನ ಬಟ್ಟೆಯಲ್ಲಿ ಒರೆಸಿದರೆ ಕುಂಕುಮ ಹೋಗುತ್ತದೆ. ಇದರ ಪಾಲಿಶು ಹಳೆಯದಾಗಿ ಕೂದಲೆಳೆಯಂತೆ ಬಿರುಕು ಬಿಟ್ಟಿತ್ತು. ನಾನು ಭಕ್ತಿಯಿಂದ ಇಟ್ಟ ಮೂರು ಚುಕ್ಕೆ ಕುಂಕುಮ ಬಿರುಕಿನೊಳಗೆ ಇಳಿದು ಕೂತಿತ್ತು.

ಒದ್ದೆ ಬಟ್ಟೆಯಲ್ಲಿ ಒರೆಸಿಯೂ ನೋಡಿದ್ದೆ. ಸಾಸಿವೆಯಷ್ಟಿದ್ದದ್ದು ಹುಣಸೆಬೀಜದಷ್ಟಾಗಿತ್ತು.

“ಕೊಡಿ ಸ್ವಾಮಿ, ಗಿಟಾರನ್ನ ಮನೆಗೆ ಒಯ್ತೇನೆ,” ಅಂದರು ಸಾಹುಕಾರರು.

ವಿಭೂತಿ ಹಚ್ಚಿದ ಹಣೆಯ ಕೆಳಗಿನ ಬಾಯಿಂದ ಸುಳ್ಳು ಬಂತು: “ಅಂಟು ಒಣಗಿಲ್ಲ ಸಾಹುಕಾರ್ರೇ.”

“ತಂತಿ ಹಾಕೋಕೆ ಅಂಟು ಯಾಕೆ?” ಅಂತ ಮೇಷ್ಟ್ರು ಕೇಳಲಿಲ್ಲ. ಈ ಪ್ರಪಂಚದಲ್ಲಿ ದೇವರಿದ್ದಾನೆ ಅನ್ನುವುದಕ್ಕೆ ಅದೊಂದೇ ಸಾಕು.

೩. ನನ್ನ ಸ್ನೇಹಿತನ ಕಾಯಿಲೆ

ಮಾರನೆಯ ದಿನವೇ ಆಸ್ಪತ್ರೆಗೆ ಹೋದೆ. ಸಿಸ್ಟರ್ ಇಂಜೆಕ್ಷನ್ ಕೋಣೆಯಲ್ಲಿದ್ದರು.

“ಸಿಸ್ಟರ್, ನನ್ನ ಸ್ನೇಹಿತ ಒಬ್ಬ ಇದ್ದಾನೆ. ಅವನ ಹತ್ರ ಒಂದು ಹಳೇ ಗಿಟಾರ್. ಅದಕ್ಕೆ ಸ್ವಲ್ಪ ಕೆಂಪು ಬಣ್ಣ ತಾಗಿದೆ. ಸ್ಪಿರಿಟ್ ಹಾಕಿದ್ರೆ ಹೋಗ್ತದಾ ಅಂತ ಅವನು ಕೇಳ್ತಿದ್ದ.”

ಅವರು ಹತ್ತಿಯನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

“ಸ್ವಾಮಿಯಣ್ಣಾ, ಈ ಕೋಣೆಗೆ ಗಂಡಸರೆಲ್ಲ ಹೀಗೇ ಬರೋದು. ಕಾಯಿಲೆ ಯಾವಾಗ್ಲೂ ಸ್ನೇಹಿತನಿಗೇ.”

ನಾನು ಬೆವರಿದೆ.

“ಸ್ಪಿರಿಟ್ ಹಾಕಿದ್ರೆ ಬಣ್ಣವೂ ಹೋಗ್ತದೆ, ಪಾಲಿಶೂ ಹೋಗ್ತದೆ. ಹಾಕ್ಬೇಡಿ ಅಂತ ಹೇಳಿ ನಿಮ್ಮ ಸ್ನೇಹಿತನಿಗೆ,” ಅಂದರು. ನಾನು ಬಾಗಿಲಿಗೆ ಹೋದಾಗ ಕೂಗಿದರು: “ಮತ್ತೆ ನಿಮ್ಮ ಸ್ನೇಹಿತನ ಬಿಪಿ ಚೆಕ್ ಮಾಡ್ಬೇಕು. ಬನ್ನಿ, ಇಲ್ಲಿ ಕೈ ಚಾಚಿ.”

೪. ಗಿಟಾರಿಗೆ ನೀರು

ಸತ್ಯ ಹೇಳಿಬಿಡೋಣ ಅಂತ ಒಂದು ಸಂಜೆ ಬಸ್ ಹತ್ತಿ ಸಾಹುಕಾರರ ಬಂಗಲೆಗೆ ಹೋದೆ. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡೆ: ‘ಸಾಹುಕಾರ್ರೇ, ತಿಳಿಯದೆ ಆಯ್ತು.’ ಹೊರಗೆ ಜಡಿಮಳೆ. ಅವರು ಹಜಾರದಲ್ಲಿ ಇನ್ನೊಂದು ಗಿಟಾರಿನ ಹೊಟ್ಟೆಯೊಳಗೆ ಒದ್ದೆ ಸ್ಪಂಜಿನ ಕೊಳವೆ ಇಳಿಸುತ್ತಿದ್ದರು.

“ಏನಿದು?”

“ಮ್ಯಾಗಜೀನಿನಲ್ಲಿ ಬರ್ದಿದ್ದಾರೆ. ಗಾಳಿ ಒಣಗಿದ್ರೆ ಮರ ಸೀಳ್ತದಂತೆ. ಅದಕ್ಕೆ ದಿನಾ ನೀರಿನ ಪಸೆ ಕೊಡ್ಬೇಕಂತೆ.”

ನಾನು ಕಿಟಕಿಯ ಕಡೆ ನೋಡಿದೆ. ಗೋಡೆ ಮೇಲೆ ಹಸಿರು ಪಾಚಿ. ಬಾಗಿಲ ಹಿಂದೆ ನೇತುಹಾಕಿದ್ದ ಬೆಲ್ಟಿಗೆ ಬಿಳಿ ಬೂಷ್ಟು. ನಾವು ಆರು ತಿಂಗಳು ಬಲ್ಬು ಉರಿಸಿ, ಅಕ್ಕಿ ಗಂಟು ಕಟ್ಟಿ ಗಿಟಾರನ್ನು ಒಣಗಿಸುವ ಜನ.

“ಸಾಹುಕಾರ್ರೇ, ಅದು ಒಣ ಊರಿನವರಿಗೆ ಬರ್ದದ್ದು. ಕೊಡಗಿನಲ್ಲಿ ಗಿಟಾರಿಗೆ ನೀರು ಕೊಡೋದು ಅಂದ್ರೆ, ಮೀನಿಗೆ ಸ್ನಾನ ಮಾಡಿಸಿದ ಹಾಗಲ್ವಾ?”

ಅವರು ಕೊಳವೆಯನ್ನು ಹೊರಗೆಳೆದಿಟ್ಟರು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡರು. “ನೀವು ಇಲ್ದಿದ್ರೆ ನಾನೇನು ಮಾಡ್ತಿದ್ದೆ ಸ್ವಾಮಿ? ಅದಕ್ಕೇ ಅಪ್ಪನ ಗಿಟಾರ್ ನಿಮ್ಮ ಹತ್ರ ಇದೆ ಅಂದ್ರೆ ನಂಗೆ ನಿಶ್ಚಿಂತೆ.”

ಜೋಡಿಸಿಕೊಂಡು ಹೋದ ಮಾತನ್ನು ಹಾಗೇ ವಾಪಸ್ ತಂದೆ. ಮರಳಿ ಬರುವಾಗ ಒಂದು ಡಬ್ಬ ಜೇನು ಬೇರೆ ಕೊಟ್ಟರು.

೫. ದೇವರಿಗೂ ಇಕ್ಕಟ್ಟು

ಆಮೇಲೆ ನಿದ್ದೆ ಇಲ್ಲ, ಊಟ ಸೇರದು. ಗಣಪತಿಗೆ ಇಪ್ಪತ್ತೊಂದು ಗರಿಕೆ, ಶಾರದೆಗೆ ದಿನಾ ತುಪ್ಪದ ದೀಪ. ‘ಅಮ್ಮಾ, ಆ ಕುಂಕುಮ ಅಳಿಸು’ ಅಂತ ಬೇಡುತ್ತಿದ್ದೆ. ಹೆಂಡತಿ ಒಂದು ವಾರ ನೋಡಿದಳು. ಆಮೇಲೆ ದೇವರ ಕೋಣೆಯ ಬಾಗಿಲಿಗೆ ಬಂದು ನಿಂತಳು.

“ಅಲ್ಲಾ, ನೀವೇ ಭಕ್ತಿಯಿಂದ ಇಟ್ಟ ಕುಂಕುಮ. ಈಗ ಅಳಿಸೋಕೆ ಅವಳನ್ನೇ ಕೇಳ್ತಿದ್ದೀರಿ. ಅವಳೇನು ಮಾಡ್ಬೇಕು ಪಾಪ? ನಿಮ್ಮ ಪೂಜೆ ಒಪ್ಪಿಕೊಳ್ಬೇಕೋ, ವಾಪಸ್ ಕೊಡ್ಬೇಕೋ?”

ನಾನು ಗಂಟೆ ಕೆಳಗಿಟ್ಟೆ.

“ಹೋಗಿ ಸಾಹುಕಾರ್ರಿಗೆ ಹೇಳಿ. ದೇವರಿಗೆ ಕಣ್ಣಿದೆ, ಕಿವಿ ಇದೆ. ಬಣ್ಣ ತೆಗೆಯೋ ಟರ್ಪೆಂಟೈನ್ ಇಲ್ಲ.”

೬. ಬಿಳಿ ಕೈಗವಸಿನ ಮನುಷ್ಯ

ಹೇಳಲಿಲ್ಲ. ಆ ದಿನ ಬಂದೇಬಿಟ್ಟಿತು. ‘ಅಂಟು ಒಣಗಿಲ್ಲ’ ಅನ್ನುವ ನನ್ನ ಸುಳ್ಳಿನಿಂದಾಗಿ ಬಂಗಲೆಗೆ ಹೋಗಬೇಕಾದ ಮ್ಯಾಗಜೀನಿನ ಮನುಷ್ಯ ನೇರ ನನ್ನ ಅಂಗಡಿಗೇ ಬಂದ. ಸಾಹುಕಾರರು ಇಸ್ತ್ರಿ ಮಾಡಿದ ಕೋಟು ಹಾಕಿ ಅವನ ಹಿಂದೆ ನಿಂತಿದ್ದರು. ಮೇಷ್ಟ್ರು, ಸಿಸ್ಟರ್ ಬೆಂಚಿನ ಮೇಲೆ.

ಅವನು ಎರಡೂ ಕೈಗೆ ಬಿಳಿ ಬಟ್ಟೆಯ ಕೈಗವಸು ತೊಟ್ಟ. ಗಿಟಾರಿನ ಪೆಟ್ಟಿಗೆ ತೆರೆದ. ಭೂತಕನ್ನಡಿ ತೆಗೆದ. ಅದು ಗಿಟಾರಿನ ಕತ್ತಿನಿಂದ ಕೆಳಗೆ, ಕೆಳಗೆ, ಚುಕ್ಕೆಗಳ ಕಡೆಗೆ ಇಳಿಯತೊಡಗಿತು.

“ನಿಲ್ಲಿಸಿ!” ಅಂದೆ. “ಸಾಹುಕಾರ್ರೇ, ಕ್ಷಮಿಸಿ. ಅದು ಕುಂಕುಮ. ಆಯುಧಪೂಜೆಗೆ ನಾನೇ ಇಟ್ಟೆ. ಒರೆಸೋಕೆ ಹೋಗಿ ದೊಡ್ಡದು ಮಾಡ್ದೆ. ಅಂಟು ಗಿಂಟು ಎಲ್ಲ ಸುಳ್ಳು. ನಿಮ್ಮಪ್ಪನ ಗಿಟಾರನ್ನ ನಾನೇ ಕೆಡಿಸ್ದೆ.”

ಸಾಹುಕಾರರ ಮುಖ ಕೆಂಪಾಯಿತು. ನನ್ನ ಇಪ್ಪತ್ತು ವರ್ಷದ ಭಾನುವಾರಗಳು ಮುಗಿದವು ಅಂದುಕೊಂಡೆ.

ಅಷ್ಟರಲ್ಲಿ ಮೇಷ್ಟ್ರು ಕೆಮ್ಮಿದರು. “ಹೇಗೂ ಸ್ವಾಮಿ ಶುರು ಮಾಡಿದ್ರಲ್ಲ... ಒಂದು ಕ್ರಿಸ್‌ಮಸ್‌ಗೆ ಇದನ್ನ ಚರ್ಚಿಗೆ ಕೇಳಿ ತಂದಿದ್ದೆ, ನೆನಪಿದೆಯಾ? ಆವತ್ತು ತಂತಿ ಬಿಗಿಯೋ ಬಿರಡೆ ಎರಡು ಮುರೀತು. ಚರ್ಚಿನ ಗಿಟಾರಿಂದ ಬಿಚ್ಚಿ ಇದಕ್ಕೆ ಹಾಕಿದ್ದೆ.”

“ಅಯ್ಯೋ ದೈವಮೇ,” ಅಂದರು ಸಿಸ್ಟರ್. “ಹಾಗಾದ್ರೆ ನಾನೂ ಹೇಳಿಬಿಡ್ತೀನಿ. ಒಂದ್ಸಲ ನಾನು ನುಡಿಸೋಕೆ ಒಯ್ದಿದ್ದಾಗ ಒಳಗಿನ ಮರದ ಪಟ್ಟಿಯೊಂದು ಅಂಟು ಬಿಟ್ಟಿತ್ತು. ಆಸ್ಪತ್ರೆಯ ಪ್ಲಾಸ್ಟರ್ ಸುತ್ತಿದ್ದೀನಿ. ಕ್ಲೀನಾಗಿ ಸುತ್ತಿದ್ದೀನಿ.”

ಬಂದವನು ಟಾರ್ಚು ಹಾಕಿ ಒಳಗೆ ಇಣುಕಿದ. ನಿಜಕ್ಕೂ ಕ್ಲೀನಾಗಿತ್ತು.

ನಾವು ಮೂವರೂ ತಲೆ ತಗ್ಗಿಸಿ ಸಾಹುಕಾರರ ಗುಡುಗಿಗೆ ಕಾದೆವು. ಅವರು ನಿಧಾನವಾಗಿ ಕೋಟಿನ ಗುಂಡಿ ಬಿಚ್ಚಿದರು.

“ಇನ್ನು ನಾನೂ ಮುಚ್ಚಿಟ್ಟು ಏನು ಪ್ರಯೋಜನ?” ಅಂದರು. “ನಮ್ಮಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿಗಳನ್ನ ಒರೆಸಿ ಪೂಜೆಗೆ ಇಡ್ತೇವಲ್ಲ? ಅಪ್ಪ ಕೋವಿ ಸಾಲಲ್ಲೇ ಇದನ್ನೂ ಇಡ್ತಿದ್ರು. ಕೋವಿಗೆ ಹಾಕೋ ಎಣ್ಣೆಯನ್ನೇ ಇದಕ್ಕೂ ತಿಕ್ಕೋರು. ಅವರ ನಂತರ ನಾನು ಒಂದು ವರ್ಷವೂ ತಪ್ಪಿಸಿಲ್ಲ. ಮೂರು ವಾರದಿಂದ ನಂಗೂ ನಿದ್ದೆ ಇಲ್ಲ ಸ್ವಾಮಿ. ಇವನಿಗೆ ಎಣ್ಣೆ ವಾಸನೆ ಬಂದ್ರೆ ಏನು ಗತಿ ಅಂತ!”

ಬಂದವನು ಭೂತಕನ್ನಡಿ ಮಡಚಿದ. ಒಂದೊಂದೇ ಬೆರಳಿನಿಂದ ಬಿಳಿ ಕೈಗವಸು ಕಳಚಿದ. ಬಹಳ ಮರ್ಯಾದೆಯಿಂದ ಕೇಳಿದ: “ಸರ್, ಹಾಗಾದ್ರೆ ಇದ್ರಲ್ಲಿ ಯಾರೂ ಕೈ ಹಚ್ಚದೆ ಉಳಿದಿರೋದು ಏನು?”

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಸಾಹುಕಾರರು ಅಂದರು: “ಪೆಟ್ಟಿಗೆ.”

ಅವನು ಪೆಟ್ಟಿಗೆಯ ಫೋಟೋ ತೆಗೆದುಕೊಂಡು ಹೋದ.

ಪುಸ್ತಕದಲ್ಲಿ ಅದು ಬಂತು! ಒಂದು ಇಡೀ ಪುಟ, ಖಾಲಿ ಪೆಟ್ಟಿಗೆ, ಕೆಳಗೆ ಸಾಹುಕಾರರ ಅಪ್ಪನ ಹೆಸರು. ಸಾಹುಕಾರರು ಆ ಪುಟವನ್ನು ಕಣ್ಣಿಗೆ ಒತ್ತಿಕೊಂಡರು. ಪೆಟ್ಟಿಗೆಯನ್ನು ಬಂಗಲೆಯ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇನ್ನು ಮೇಲೆ ಅದಕ್ಕೆ ಯಾರ ಕೈಯೂ ಸೋಕಬಾರದಂತೆ. ಅದರೊಳಗೆ ಏನನ್ನೂ ಇಡಬಾರದಂತೆ. ಹಾಗಾಗಿ ಇರಲು ಮನೆಯಿಲ್ಲದ ಗಿಟಾರು ನನ್ನ ಅಂಗಡಿಯಲ್ಲೇ ನೇತಾಡುತ್ತಿದೆ. ಭಾನುವಾರ ನಾಲ್ವರೂ ಸರದಿಯಲ್ಲಿ ನುಡಿಸುತ್ತೇವೆ. ಮೊದಲ ಸರದಿಗೆ ಸಾಹುಕಾರರದೇ ಜಗಳ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಆ ತಾಯಿ ಶಾರದೆ ಒಳ್ಳೆಯದು ಮಾಡಲಿ. ನಿಮ್ಮ ಮನೆಯ ವಾದ್ಯಗಳಿಗೆ ಬೂಷ್ಟು ಹಿಡಿಯದಿರಲಿ, ಮನಸ್ಸಿನಲ್ಲಿ ಮುಚ್ಚಿಟ್ಟ ಮಾತು ಹೇಳಲು ಧೈರ್ಯ ಬರಲಿ, ಕೇಳುವವರಿಗೆ ನಗು ಬರಲಿ.