ಅರ್ಧ ಚಮಚ ಸಿಮೆಂಟಿನ ಗೂಡ್ಸ್ ವ್ಯಾಗನ್

ರೈಲ್ವೆ ಕಾಲನಿಯಲ್ಲಿ ಮನೆಯಿದ್ದವರಿಗೆ ವಾರಕ್ಕೊಮ್ಮೆಯಾದರೂ ಏನಾದರೊಂದು ಹಳಿ ತಪ್ಪದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಹುಬ್ಬಳ್ಳಿಯ ನಮ್ಮ ಮನೆಯನ್ನಂತೂ ಒಂದು ಚಳಿಗಾಲವಿಡೀ ಹಳಿ ತಪ್ಪಿಸಿದ್ದು ಗೇಣುದ್ದವೂ ಇಲ್ಲದ ಒಂದು ಗೂಡ್ಸ್ ವ್ಯಾಗನ್.

ನಮ್ಮ ಅಪ್ಪ ಟ್ರೇನ್ ಎಗ್ಝಾಮಿನರ್. ಹೊರಡಲಿರುವ ಗೂಡ್ಸ್ ಗಾಡಿಯ ಗಾಲಿಗಳನ್ನು ಸುತ್ತಿಗೆಯಿಂದ ಬಡಿದು, ಸದ್ದು ಸರಿ ಬರದಿದ್ದರೆ ಗಾಡಿ ನಿಲ್ಲಿಸುವುದು ಅವರ ಕೆಲಸ. ಪಕ್ಕದ ಮನೆಯ ಕಾಕಾ ಅಂಥ ಗಾಡಿಗಳ ಡ್ರೈವರ್; ಆಗಷ್ಟೇ ರಿಟೈರ್ ಆಗಿದ್ದರು. ಅಪ್ಪ ಗಾಡಿ ನಿಲ್ಲಿಸಿದ್ದಕ್ಕೆ ತಮ್ಮ ಊಟ ಎಷ್ಟು ಸಲ ಆರಿಹೋಯಿತೆಂಬುದನ್ನು ಅವರು ಮರೆತಿರಲಿಲ್ಲ.

ಮಿಶನ್ ಬಂಗಲೆಯ ಪಾದ್ರಿ ಸಾಹೇಬರು ವಿಲಾಯತಿಗೆ ಮರಳುವಾಗ ತಮ್ಮ ಆಟದ ರೈಲಿನ ಇಂಜಿನ್ನು, ಹಳಿಗಳನ್ನು ಕಾಕಾಗೆ ಕೊಟ್ಟರು. ಬಿಡಿಭಾಗ ಜೋಡಿಸಿ ಮಾಡಬೇಕಾದ ವ್ಯಾಗನ್ನಿನ ಡಬ್ಬಿ ಅಪ್ಪನ ಪಾಲಿಗೆ ಬಂತು. ಕಾಕಾ ಅವತ್ತೇ ಕಂಪೌಂಡಿನ ಆಚೆಯಿಂದ ಸವಾಲು ಹಾಕಿದರು.

“ಕ್ರಿಸ್ಮಸ್ಸಿಗೆ ಚರ್ಚ್ ಹಾಲಿನ್ಯಾಗ ಓಡಸೂಣ್ರಿ. ಮೂರು ಸುತ್ತಿನ್ಯಾಗ ನಿಮ್ಮ ವ್ಯಾಗನ್ ಬೀಳಲಿಲ್ಲಂದ್ರ, ನೀವು ನನ್ನ ಗಾಡಿ ನಿಲ್ಲಿಸಿದ್ದೆಲ್ಲಾ ಖರೇ ಕಾರಣಕ್ಕ ಅಂತ ಎಲ್ಲಾರ ಮುಂದ ಒಪ್ಪತೇನಿ. ಬಿತ್ತಂದ್ರ, ಸುಮ್‌ಸುಮ್ನ ನಿಲ್ಲಸತಿದ್ದೆ ಅಂತ ನೀವು ಒಪ್ಪಬೇಕು.”

ಅಪ್ಪನ ಇಡೀ ನೌಕರಿಯ ಮರ್ಯಾದೆ ಆ ಡಬ್ಬಿಯೊಳಗೆ ಹೋಗಿ ಕೂತಿತು. ಅದರಲ್ಲಿದ್ದ ಇಂಗ್ಲಿಷ್ ಚೀಟಿ ಓದಲು, ಕಾನ್ವೆಂಟಿನಲ್ಲಿ ಕಲಿತವಳೆಂದು ನನ್ನನ್ನು ಕರೆದರು.

೧. ಪರ್ಮಿಟ್ಟು

ಸಿಮೆಂಟನ್ನು ಸ್ವಲ್ಪವೇ ಹಚ್ಚಬೇಕು ಎಂದು ಚೀಟಿಯಲ್ಲಿತ್ತು. ಇದ್ದದ್ದನ್ನು ಓದಿ ಹೇಳಿದೆ. ಆಗ ಸಿಮೆಂಟು ಬೇಕೆಂದರೆ ಸರಕಾರದ ಪರ್ಮಿಟ್ ಬೇಕು. ಅಪ್ಪ ಕಾಯಿದೆ ಮೀರುವವರಲ್ಲ. ಮರುದಿನ ನನ್ನನ್ನೂ ಕರೆದುಕೊಂಡು ಕಚೇರಿಗೆ ಹೋದರು.

“ಎಷ್ಟ ಚೀಲ್ರಿ?” ಗುಮಾಸ್ತರು ಕೇಳಿದರು.

“ಚೀಲ ಬ್ಯಾಡ್ರಿ. ಅರ್ಧ ಚಮಚ ಸಾಕು.”

ಗುಮಾಸ್ತರು ಪೆನ್ನು ಕೆಳಗಿಟ್ಟರು. “ಏನ್ ಕಟ್ಟಾಕತ್ತೀರಿ?”

“ಗೂಡ್ಸ್ ವ್ಯಾಗನ್.”

“ಯಾಕ್ರಿ, ರೈಲ್ವೆದಾಗ ಕಬ್ಬಿಣ ತೀರೇತೇನು?”

ಡಬ್ಬಿಯ ಮೂಲೆಯಲ್ಲಿದ್ದ ಅಂಟಿನ ಟ್ಯೂಬಿನ ಮೇಲೆ ‘ಸಿಮೆಂಟ್’ ಎಂದು ಬರೆದದ್ದನ್ನು ನಾನು ಮುಂಜಾನೆಯೇ ನೋಡಿದ್ದೆ. ಹೇಳಲು ಸಂಕೋಚ. ಮನೆಗೆ ಬಂದ ಮೇಲೆ ಟ್ಯೂಬನ್ನು ಅಪ್ಪನ ಚಹಾದ ಬಸಿಯ ಪಕ್ಕ ಸದ್ದಿಲ್ಲದೆ ಇಟ್ಟೆ. ಅವರು ಅದನ್ನು ಓದಿದರು. ಆಮೇಲೆ ನನ್ನ ಮುಖ ನೋಡಿದರು.

“ಬಾಯಿ ತಗದು ಹೇಳಾಕ ನಿನಗೂ ಪರ್ಮಿಟ್ ಬೇಕಿತ್ತೇನ, ಬೇಬಿ?”

೨. ಸಿಕ್

ಕೆಟ್ಟ ವ್ಯಾಗನ್ನಿಗೆ ರೈಲ್ವೆಯವರು, ಮನುಷ್ಯರಿಗೆ ಕಾಯಿಲೆ ಬಂದಾಗ ಹೇಳುವ ಹಾಗೆಯೇ, ‘ಸಿಕ್’ ಎನ್ನುತ್ತಾರೆ. ಸೀಮೆಸುಣ್ಣದಿಂದ ಹಾಗೆಯೇ ಬರೆದು ಬದಿಯ ಹಳಿಗೆ ತಳ್ಳುತ್ತಾರೆ. ನಮ್ಮ ವ್ಯಾಗನ್ನಿನ ಪ್ಲಾಸ್ಟಿಕ್ ಗಾಲಿಗಳು ಬಿಗಿಯಾಗಿ ತಿರುಗದೆ ನಿಂತಾಗ ಅಪ್ಪ ಅದರ ಮೇಲೂ ‘ಸಿಕ್’ ಬರೆದರು. ಅವ್ವ ನಳದ ಹತ್ತಿರ ಯಾರೋ ಕೇಳಿದ್ದಕ್ಕೆ, “ಮನ್ಯಾಗ ಸಿಕ್ ಆಗೇದ್ರಿ. ಇವರು ಊಟಾನೂ ಬಿಟ್ಟಾರ” ಎಂದು ಹೇಳಿ ಕೊಡ ತುಂಬಿಕೊಂಡು ಬಂದಳು.

ಸಂಜೆ ಚರ್ಚಿನ ಹೆಂಗಸರ ಸಂಘದ ಐದು ಮಂದಿ ಗಂಜಿಯ ಡಬ್ಬಿ ಹಿಡಿದುಕೊಂಡು ಬಂದರು. ಅಪ್ಪ ಗಾಲಿಯ ಮಟ್ಟಕ್ಕೆ ಕಣ್ಣಿಟ್ಟು ನೆಲದ ಮೇಲೆ ಬೋರಲು ಮಲಗಿದ್ದರು. “ಅಯ್ಯ, ಪಾಪ!” ಎಂದವರೇ ಸುತ್ತ ಮಂಡಿಯೂರಿ ಪ್ರಾರ್ಥನೆ ಶುರು ಮಾಡಿಬಿಟ್ಟರು. ಪ್ರಾರ್ಥನೆಯ ನಡುವೆ ಏಳಬಾರದೆಂದು ಅಪ್ಪ ಕಣ್ಣು ಮುಚ್ಚಿ ಹಾಗೆಯೇ ಬಿದ್ದುಕೊಂಡರು. ಪ್ರಾರ್ಥನೆ ಉದ್ದವಿತ್ತು. ಆಮೆನ್ ಆದ ಮೇಲೆ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು, “ಈಗ ಹೆಂಗದರಿ?”

“ಮುಂದಿನವು ಎರಡು ಛಲೋ ತಿರಗತಾವ್ರಿ,” ಎಂದರು ಅಪ್ಪ. “ಹಿಂದಿನವು ಎರಡು ಇನ್ನೂ ಬಿಗಿ ಅದಾವ.”

೩. ಮೂರು ಭಾನುವಾರ

ಗಾಲಿ ಬದಲಾಯಿತು. ವರ್ಕ್‌ಶಾಪಿನ ಗೆಳೆಯರೊಬ್ಬರು ಹಿತ್ತಾಳೆಯಲ್ಲಿ ಕಡೆದುಕೊಟ್ಟರು. ಆದರೆ ವ್ಯಾಗನ್ನು ಹೊಸದಾಗಿ ಮಿಂಚುವುದು ಅಪ್ಪನ ಕಣ್ಣಿಗೆ ಚುಚ್ಚುತ್ತಿತ್ತು. “ಯಾರ್ಡಿನ್ಯಾಗ ಇಷ್ಟ ಸ್ವಚ್ಛ ವ್ಯಾಗನ್ ನಾ ಒಂದೂ ನೋಡಿಲ್ಲ” ಎಂದು, ಚರ್ಚಿನಿಂದ ಬಂದೊಡನೆ ಕೂತು, ಮೂರು ಭಾನುವಾರ ಅದಕ್ಕೆ ದೀಪದ ಮಸಿ ಬಳಿದರು. ತುಕ್ಕಿಗೆ ಇಟ್ಟಂಗಿ ಪುಡಿ. ಕಲ್ಲಿದ್ದಲ ಧೂಳಿಗೆ ಒಲೆಯ ಇದ್ದಿಲು. ಖರೇ ವ್ಯಾಗನ್ನೇ ಸಣ್ಣದಾಗಿ ಬಂದು ಕೂತಂತಿತ್ತು.

ಕ್ರಿಸ್ಮಸ್ಸಿನ ಹಿಂದಿನ ದಿನ ಅವ್ವ ಮನೆಯ ಸಾಮಾನೆಲ್ಲ ತೊಳೆದಳು. ಬೂದಿ ಹಚ್ಚಿ, ನಾರಿನಿಂದ ತಿಕ್ಕಿ ವ್ಯಾಗನ್ನನ್ನೂ ತೊಳೆದು ಬಿಸಿಲಿಗಿಟ್ಟಳು. ಅಪ್ಪ ನೋಡಿ ಕಟ್ಟೆಯ ಮೇಲೆ ಕುಸಿದು ಕೂತರು.

“ಏನಾತ್ರಿ? ಅಷ್ಟ ಹೊಲಸ ಹತ್ತಿತ್ತು, ಹಂಗ ಚರ್ಚಿಗೆ ಒಯ್ಯಾಕ ಬರತದೇನು?”

“ಅದು ಹೊಲಸಲ್ಲ,” ಎಂದರು ಅಪ್ಪ. “ನನ್ನ ಮೂರು ಭಾನುವಾರ!”

೪. ಕಡೆಯ ಸುತ್ತು

ಕ್ರಿಸ್ಮಸ್ ಸಂಜೆ ಚರ್ಚ್ ಹಾಲಿನ ನೆಲದ ಮೇಲೆ ಗುಂಡಗೆ ಹಳಿ ಜೋಡಿಸಿದರು. ಸುತ್ತ ಇಡೀ ಸಭೆ. ಅಪ್ಪ ಚೀಟಿಯ ಉಳಿದ ಸಾಲನ್ನೂ ನನ್ನಿಂದ ಓದಿಸಿದರು: ಗಾಡಿ ಹಗುರಾದರೆ ಹಳಿ ಬಿಡುತ್ತದೆ, ಒಳಗೆ ಭಾರ ತುಂಬಿರಿ. ಆ ಹೊತ್ತಿಗೆ ಭಾರ ಎಲ್ಲಿಂದ ತರುವುದು? ಉಣಕಲ್ ಕೆರೆಯಲ್ಲಿ ಮೀನು ಹಿಡಿಯುವ ಕಾಕಾ, ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ತಾವೇ ಮನೆಯಿಂದ ತರಿಸಿಕೊಟ್ಟರು.

“ತುಂಬ್ರಿ, ಎಷ್ಟ ಬೇಕಾದಷ್ಟು ತುಂಬ್ರಿ. ಬೀಳೂದು ಬಿದ್ದ ಬೀಳತದ.”

ಅಪ್ಪ ಒಂದನ್ನೂ ಉಳಿಸದೆ ತುಂಬಿದರು.

ಕಾಕಾ ಸ್ಪೀಡಿನ ಗುಂಡಿ ತಿರುಗಿಸಿದರು. ಇಂಜಿನ್ನು ತೇಕುತ್ತ ವ್ಯಾಗನ್ನನ್ನು ಎಳೆಯಿತು. “ಒಂದು!” ಎಂದಿತು ಸಭೆ. ವ್ಯಾಗನ್ನು ಹಳಿ ಬಿಡಲಿಲ್ಲ. “ಎರಡು!” ಅಪ್ಪ ನನ್ನ ಕೈ ಹಿಡಿದುಕೊಂಡರು. ಕಾಕಾನ ಮುಖ ಸಣ್ಣದಾಯಿತು. ಮೂರನೆಯ ಸುತ್ತಿಗೆ ಅವರು ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟರು.

“ನೌಕರ್ಯಾಗ ಒಮ್ಮೆಯಾದ್ರೂ ಹಿಂಗ ಓಡಸಾಕ ಬಿಟ್ರೇನ್ರಿ ನೀವು!”

ತಿರುವು ಬಂತು. ಖಡಲ್! ಮಕ್ಕಳು ಕಿರುಚಿದರು. ನಾನು ಕಣ್ಣು ಬಿಟ್ಟು ನೋಡಿದರೆ, ಇಂಜಿನ್ನು ಮಗ್ಗುಲಾಗಿ ಬಿದ್ದು ಗಾಲಿ ತಿರುಗಿಸುತ್ತಿತ್ತು. ವ್ಯಾಗನ್ನು ಮಾತ್ರ ಕೆರೆಯೊಳಗೆ ಎಮ್ಮೆ ನಿಂತಂತೆ ಹಳಿಯ ಮೇಲೆ ಅಲ್ಲಾಡದೆ ನಿಂತಿತ್ತು.

ಇಡೀ ಹಾಲು ಕಾಕಾನನ್ನೇ ನೋಡಿತು. ಅವರು ಗಂಟಲು ಸರಿಮಾಡಿಕೊಂಡರು.

“ಆತ್ರಿ, ಒಪ್ಪಿದೆ. ಎಲ್ಲಾರೂ ಕೇಳ್ರಿ, ಇವರು ನನ್ನ ಗಾಡಿ ನಿಲ್ಲಿಸಿದ್ದೆಲ್ಲಾ ಖರೇ ಕಾರಣಕ್ಕ.” ಆಮೇಲೆ ಇಂಜಿನ್ನಿನ ಪಕ್ಕ ಮಂಡಿಯೂರಿ, ಅಳುವ ದನಿಯಲ್ಲಿ, “ಈಗರ ಸ್ವಲ್ಪ ಇಲ್ಲಿ ಬಂದು, ಇದಕ್ಕೇನಾಗೇದ ನೋಡ್ರೆಲಾ?” ಎಂದರು.

ಅಪ್ಪ ವ್ಯಾಗನ್ನನ್ನು ಕರವಸ್ತ್ರದಲ್ಲಿ ಸುತ್ತಿ ಜೋಪಾನವಾಗಿ ಜೇಬಿಗೆ ಇಳಿಸಿದರು.

“ಇಂಜಿನ್ ಲೋಕೋ ಶೆಡ್ಡಿನವರದ್ರಿ,” ಎಂದರು. “ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ.”