ಪಂಚಾಕ್ಷರಯ್ಯನವರ ಬೈ-ಟು ಕಾಫಿ

ತೆಂಗಿನಕಾಯಿ ಮಂಡಿಯ ಪಂಚಾಕ್ಷರಯ್ಯನವರಿಗೂ ಹಳ್ಳಿಮೈಸೂರಿನ ದೇವರಾಜುವಿಗೂ ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ದಿನಾ ಸಂಜೆ ಬೈ-ಟು ಕಾಫಿ. ಕಾಫಿ ನೆಪ, ಮಾತು ಮುಖ್ಯ. ಮಾತಾಡುವವರು ಪಂಚಾಕ್ಷರಯ್ಯ, ಕೇಳುವವನು ದೇವರಾಜು. (ಇಂಥ ಕೇಳುಗ ಸಿಗಲು ಪೂರ್ವಜನ್ಮದ ಪುಣ್ಯ ಬೇಕು.)

ಕೊರೊನಾ ಲಸಿಕೆ ಬಂದದ್ದೇ ತಡ, ಟೀವಿಯೂ ವಾಟ್ಸಪ್ಪೂ ಸೇರಿ ಪಂಚಾಕ್ಷರಯ್ಯನವರನ್ನು ಧನ್ವಂತರಿಯ ಪಟ್ಟಕ್ಕೇರಿಸಿದವು.

"ಸೂಜಿ ಹಾಕಿಸ್ಕೊಂಡೋರ ಉಸಿರು ತಾಗಿದ್ರೂ ನಮಗೆ ನರ ಹಿಡ್ಕೊಳ್ತದಂತೆ ಕಣಯ್ಯ! ವೀಡಿಯೋದಲ್ಲೇ ತೋರಿಸವ್ರೆ!"

"ಔದಾ ಅಯ್ನೋರೆ!" ಎಂದು ದೇವರಾಜು ಬಾಯಿ ಬಿಡುತ್ತಿದ್ದ.

ಅಷ್ಟರಲ್ಲಿ ಪಂಚಾಕ್ಷರಯ್ಯನವರ ಮಗಳು ಯಶಸ್ವಿನಿ ಹಸುಗೂಸಿನೊಂದಿಗೆ ಬಾಣಂತನಕ್ಕೆ ಬಂದಳು. ಹೆಂಡತಿ ದಾಕ್ಷಾಯಣಮ್ಮ ಕೋಣೆಯ ಬಾಗಿಲಿಗೆ ಅಡ್ಡ ನಿಂತರು.

"ರೀ, ಸೂಜಿ ಹಾಕಿಸ್ಕೊಳ್ದೆ ಮಗು ಮುಟ್ಟಿದ್ರೆ ನೋಡಿ!"

"ಲೇ, ಆ ವೀಡಿಯೋ..."

"ಹಂಗಾದ್ರೆ ಆ ವೀಡಿಯೋನೇ ಎತ್ಕೊಂಡು ಆಡ್ಸಿ!"

ಧನ್ವಂತರಿಗಳು ತೆಪ್ಪಗೆ ಹೋಗಿ ಚುಚ್ಚಿಸಿಕೊಂಡು ಬಂದರು. ತೋಳು ಒಂದಿಷ್ಟು ನೋಯಿತು, ಅಷ್ಟೇ. ಮೊಮ್ಮಗಳನ್ನು ಎತ್ತಿಕೊಂಡರು. ಅವಳು ಪಂಚೆ ಒದ್ದೆ ಮಾಡಿ ನಿದ್ದೆಹೋದಳು. ಆಮೇಲೆ ಎಣ್ಣೆ, ನೀರು, ಸಾಂಬ್ರಾಣಿ ಹೊಗೆ ಅಂತ ಹೆಂಗಸರು ಒಳಗೆ ಸೇರಿಕೊಂಡರು. ಮನೆ ತುಂಬ ಜನ, ಇವರನ್ನು ಮಾತಾಡಿಸುವವರಿಲ್ಲ. ಸಂಜೆಯಾಗುವುದನ್ನೇ ಕಾದಿದ್ದು ಹೋಟೆಲಿಗೆ ಓಡಿದರು.

"ನಾನೂ ಹಾಕಿಸ್ಕೊಂಡೆ ಕಣಯ್ಯ. ಏನೂ ಆಗ್ಲಿಲ್ಲ. ನೀನೂ ಹಾಕಿಸ್ಕೊಂಡ್ಬಿಡು."

ದೇವರಾಜು ಟವೆಲ್ ಕೊಡವಿಕೊಂಡು ಎದ್ದ. ಆಚೆ ತುದಿಯ ಬೆಂಚಿಗೆ ಹೋಗಿ ಕೂತ.

"ಬೇಜಾರ್ ಮಾಡ್ಕಬ್ಯಾಡಿ ಅಯ್ನೋರೆ. ಮನೇಲಿ ವಯಸ್ಸಾದ ಅವ್ವ ಅವ್ಳೆ."

"ಅದೆಲ್ಲಾ ಸುಳ್ಳು ಕಣಯ್ಯ! ನಾನೇ ಹೇಳ್ತಾ ಇದ್ದೀನಲ್ಲ!"

"ನೀವೇ ಏಳಿದ್ರಲ್ಲ? ಚುಚ್ಚುಸ್ಕಂಡೋರು ಏನೂ ಆಗ್ನಿಲ್ಲ ಅಂತ್ಲೇ ಏಳ್ತಾರೆ, ಅದೇ ಮೊದ್ಲನೇ ಲಕ್ಷಣ, ನಂಬಬ್ಯಾಡ ಅಂತ." ದೇವರಾಜುವಿನ ಕಣ್ಣಲ್ಲಿ ನಿಜವಾಗಿ ನೀರಿತ್ತು. "ಎಂಗಿದ್ರಿ, ಎಂಗಾಗ್ಬುಟ್ರಿ ಅಯ್ನೋರೆ!"

ಪಂಚಾಕ್ಷರಯ್ಯನವರು ಇನ್ನು ಏನು ಹೇಳಿದರೂ ಅದು ಎರಡನೇ ಲಕ್ಷಣವಾಗುತ್ತಿತ್ತು. ಇಷ್ಟು ವರ್ಷ ಈ ಮನುಷ್ಯ ತಮ್ಮ ಒಂದೊಂದು ಮಾತನ್ನೂ ಎಷ್ಟು ನಂಬಿದ್ದನೆಂದು ಅವರಿಗೆ ತಿಳಿದದ್ದು ಆಗಲೇ.

ಸಪ್ಲೈಯರ್ ಎಂದಿನಂತೆ ಎರಡು ಅರ್ಧ ಲೋಟ ಹಿಡಿದು ಬಂದವನು ಎರಡು ಬೆಂಚನ್ನೂ ನೋಡುತ್ತ ನಿಂತ.

"ಎರಡೂ ಇಲ್ಲೇ ಇಡಪ್ಪ," ಎಂದರು ಪಂಚಾಕ್ಷರಯ್ಯ.